ಇಂಗ್ಲೆಂಡಿನ ಫ್ರೀ ಲೈಡಾರ್ ಮ್ಯಾಪಲ್ಲಿ ಬಾಂಬ್ ಹೊಂಡ ಹುಡುಕೋದು: ಮೂರು ವರ್ಷ ಬಳಸಿದ ಮೇಲೆ ಬರೀತಿದೀನಿ

ಇಂಗ್ಲೆಂಡಿನ ಆಗ್ನೇಯ ಮೂಲೆಯ ಕೆಂಟ್‌ಗೆ ಬಂದ ಹೊಸದ್ರಲ್ಲಿ ದಿನಾ ವಾಕಿಂಗ್ ಹೋಗೋ ಕಾಡಲ್ಲಿ ಎಲೆ ತುಂಬ್ಕೊಂಡಿರೋ ದುಂಡನೆ ಹೊಂಡಗಳು ಕಾಣ್ತಿದ್ವು, ಪಕ್ಕದ ಮನೆ ಅಜ್ಜೀನ ಕೇಳಿದ್ರೆ "ಅವು 1940ರಲ್ಲಿ ಜರ್ಮನ್ ವಿಮಾನ ಹಾಕಿದ ಬಾಂಬು, ನನಗಾಗ ಎಂಟು ವರ್ಷ, ಮೆಟ್ಟಿಲ ಕೆಳಗೆ ಕೂತು ಐದು ಸದ್ದು ಎಣಿಸಿದ್ದೆ" ಅಂದ್ರು. ನಾನು ಕಾಡೆಲ್ಲ ಸುತ್ತಿದ್ರೂ ಸಿಕ್ಕಿದ್ದು ನಾಲ್ಕೇ. ಐದನೇದು ಎಲ್ಲಿ ಅಂತ ಹುಡುಕೋಕೆ ಹೋಗಿ ಈ ಮ್ಯಾಪ್‌ಗಳ ಹಿಂದೆ ಬಿದ್ದೆ.

ಮುಖ್ಯವಾಗಿ ಬಳಸೋದು ನ್ಯಾಷನಲ್ ಲೈಬ್ರರಿ ಆಫ್ ಸ್ಕಾಟ್ಲೆಂಡ್‌ನ ಮ್ಯಾಪ್ ಸೈಟು. ಹೆಸರು ಸ್ಕಾಟ್ಲೆಂಡ್ ಅಂತಿದ್ರೂ ಇಂಗ್ಲೆಂಡೂ ಇದೆ, ದುಡ್ಡಿಲ್ಲ, ಲಾಗಿನ್ನೂ ಬೇಡ. ಸೈಡ್ ಬೈ ಸೈಡ್ ಅಂತ ಒಂದು ವ್ಯೂ ಇದೆ, ಎಡಗಡೆ ನೂರು ವರ್ಷ ಹಳೇ ಆರ್ಡ್ನೆನ್ಸ್ ಸರ್ವೆ (ಬ್ರಿಟನ್ನಿನ ಸರ್ಕಾರಿ ಮ್ಯಾಪ್ ಸಂಸ್ಥೆ) ಮ್ಯಾಪು, ಬಲಗಡೆ ಲೈಡಾರು, ಒಂದನ್ನ ಎಳೆದ್ರೆ ಇನ್ನೊಂದೂ ಜೊತೇಲೇ ಸರಿಯುತ್ತೆ. ಲೈಡಾರ್ ಗೊತ್ತಿಲ್ಲದವರಿಗೆ: ವಿಮಾನದಿಂದ ಕೆಳಗೆ ಲೇಸರ್ ಬಿಟ್ಟು ಅದು ವಾಪಸ್ ಬರೋಕೆ ಹಿಡಿಯೋ ಟೈಮಿಂದ ಎತ್ತರ ಅಳೀತಾರೆ, ಎಲೆಗಳ ಸಂದೀಲಿ ತೂರಿ ನೆಲ ಮುಟ್ಟಿದ ಕಿರಣಗಳನ್ನ ಮಾತ್ರ ಇಟ್ಕೊಂಡ್ರೆ ಕಾಡೇ ಮಾಯ ಆಗಿ ಬರೀ ನೆಲ ಕಾಣುತ್ತೆ. ಅದಕ್ಕೇ ಎಲೆ ಉದುರಿರೋ ಚಳಿಗಾಲದಲ್ಲಿ ಹಾರಿಸೋದು. ಈ ಡೇಟಾ ಇಂಗ್ಲೆಂಡಿನ ಸರ್ಕಾರಿ ಪರಿಸರ ಸಂಸ್ಥೆ ಎನ್ವಿರಾನ್ಮೆಂಟ್ ಏಜೆನ್ಸಿದು, 2015ರಿಂದ ಎಲ್ಲರಿಗೂ ಫ್ರೀ. ಮೊದಲ ಸಲ ನಮ್ಮ ಕಾಡನ್ನ ಅದ್ರಲ್ಲಿ ನೋಡಿದಾಗ ನನಗೆ ಮೈ ಜುಂ ಅಂತು, ನಾಲ್ಕು ಹೊಂಡಾನೂ ಗೆರೆ ಹೊಡೆದ ಹಾಗೆ ಸಾಲಾಗಿ, ಹೆಚ್ಚುಕಮ್ಮಿ ಒಂದೇ ಅಂತರದಲ್ಲಿ. ವಿಮಾನ ಹೋಗ್ತಾ ಹೋಗ್ತಾ ಒಂದಾದ ಮೇಲೊಂದು ಬಿಡೋದ್ರಿಂದ ಬಾಂಬು ಹಾಗೆ ಸಾಲಾಗಿ ಬೀಳುತ್ತೆ, ಇಲ್ಲಿ ಅದಕ್ಕೆ ಸ್ಟಿಕ್ ಅಂತಾರೆ.

ಆದ್ರೆ ಮೊದಲ ಆರು ತಿಂಗಳು ನಾನು ದುಂಡಗಿರೋದೆಲ್ಲ ಬಾಂಬು ಅಂತ ಪಿನ್ ಹಾಕ್ತಾ ಹೋದೆ, ಅದು ದೊಡ್ಡ ತಪ್ಪು. ಕೆಂಟಲ್ಲಿ ನೆಲ ತೋಡದೇ ಇರೋ ಜಾಗಾನೇ ಕಮ್ಮಿ. ಚಾಕ್ (ಮೆತ್ತನೆ ಬಿಳಿ ಸುಣ್ಣದಕಲ್ಲು) ತೆಗೆಯೋಕೆ ಬಾವಿ ಥರ ಕೊರೆದ ಡೀನ್‌ಹೋಲ್‌ಗಳು ಕುಸಿದ್ರೆ ಇದೇ ಥರ ಕಾಣುತ್ತೆ, ದಕ್ಷಿಣಕ್ಕೆ ವೀಲ್ಡ್ ಅನ್ನೋ ಪ್ರದೇಶದ ಕಡೆ ಹೋದ್ರೆ ಕಬ್ಬಿಣದ ಅದಿರಿಗೆ ತೋಡಿದ ಗುಂಡಿಗಳು ರೋಮನ್ನರ ಕಾಲದಿಂದ ಇವೆ, ಅವು ಒಂದೇ ಕಡೆ ಗುಂಪುಗುಂಪಾಗಿ ಇರುತ್ತೆ. ಬುಡಮೇಲಾಗಿ ಬಿದ್ದ ಮರ ಕೂಡ ಹೊಂಡ ಬಿಟ್ಟು ಹೋಗುತ್ತೆ. ಇಲ್ಲಿ ನನ್ನ ಕಾಪಾಡಿದ್ದು ಲೈಡಾರ್ ಅಲ್ಲ, ಎಡಗಡೆಯ ಹಳೇ ಮ್ಯಾಪು. 1890ರ ದಶಕದ 25 ಇಂಚಿನ (ಒಂದು ಮೈಲಿಗೆ 25 ಇಂಚು ಅಳತೆಯ) ಮ್ಯಾಪಲ್ಲೇ ಆ ಗುಂಡಿ ಇದ್ರೆ ಅದು ಬಾಂಬ್ ಆಗೋಕೆ ಸಾಧ್ಯಾನೇ ಇಲ್ಲ. ಹೀಗೆ ನೋಡ್ತಾ ನೋಡ್ತಾ ನನ್ನ ಪಿನ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅಳಿಸಿದೀನಿ. ಮ್ಯಾಪಲ್ಲಿ ಇಲ್ಲ ಅಂದ ಮಾತ್ರಕ್ಕೆ ಬಾಂಬೇ ಅಂತಾನೂ ಅಲ್ಲ, ಸಣ್ಣ ಗುಂಡಿ ಎಲ್ಲಾನೂ ಸರ್ವೆಯವರು ಬರೆದಿರಲ್ಲ.

ಶೇಡಿಂಗ್ ಬಗ್ಗೆ ಒಂದ್ಮಾತು. ಬೆಳಕು ಒಂದೇ ದಿಕ್ಕಿಂದ ಬರೋ ಹಾಗೆ ಮಾಡಿರೋ ಚಿತ್ರದಲ್ಲಿ ಕೆಲವೊಮ್ಮೆ ಹೊಂಡ ದಿಬ್ಬದ ಥರ ಕಾಣುತ್ತೆ, ಇಳಿಜಾರಲ್ಲಿ ಇದ್ರೆ ಕಾಣೋದೇ ಇಲ್ಲ. ಸೀರಿಯಸ್ಸಾಗಿ ಮಾಡೋರು ಒಂದು ಮೀಟರ್ ಡೇಟಾ ಡೌನ್‌ಲೋಡ್ ಮಾಡ್ಕೊಂಡು ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಲ್ಲಿ ಹಾಕಿ, ಅದೂ ಫ್ರೀ, ಬೆಳಕಿನ ದಿಕ್ಕು ಬದಲಾಯಿಸಿ ನೋಡಬಹುದು, ಹೊಂಡದ ಆಳಾನೂ ಅಳೀಬಹುದು. ಆದ್ರೆ ಒಂದು ಮೀಟರ್‌ಗೆ ಒಂದು ಚುಕ್ಕಿ ಅಂದ್ರೆ ಮೂರ್ನಾಲ್ಕು ಮೀಟರ್ ಅಗಲದ ಚಿಕ್ಕ ಹೊಂಡ ಅಡ್ಡಕ್ಕೆ ಬರೀ ಮೂರ್ನಾಲ್ಕು ಚುಕ್ಕಿ, 50 ಕಿಲೋ ಬಾಂಬಿನ ಗುರುತು ಇದ್ರಲ್ಲಿ ತಪ್ಪಿಹೋಗೋ ಸಾಧ್ಯತೆ ಇದೆ. ಉತ್ತ ಹೊಲದಲ್ಲಂತೂ ಲೈಡಾರಿಗೆ ಹೆಚ್ಚಾಗಿ ಏನೂ ಸಿಗಲ್ಲ, ಎಂಬತ್ತು ವರ್ಷ ಟ್ರ್ಯಾಕ್ಟರ್ ಓಡಿ ಹೊಂಡ ಸಮ ಆಗಿರುತ್ತೆ.

ಅಜ್ಜಿಯ ಐದನೇ ಬಾಂಬು ಸಿಗದೇ ಇದ್ದಿದ್ದು ಅದಕ್ಕೇ. ಸಾಲನ್ನ ಹಾಗೇ ಮುಂದಕ್ಕೆ ಎಳೆದ್ರೆ ಗೆರೆ ಕಾಡು ದಾಟಿ ಗೋಧಿ ಹೊಲಕ್ಕೆ ಬರ್ತಿತ್ತು, ಲೈಡಾರಲ್ಲಿ ಅಲ್ಲಿ ಚಪ್ಪಟೆ ನೆಲ. ಯುದ್ಧ ಮುಗಿದ ಮೇಲೆ 1946, 47ರ ಸುಮಾರಿಗೆ ಆರ್‌ಎಎಫ್‌ನವರು (ಬ್ರಿಟನ್ನಿನ ವಾಯುಪಡೆ) ವಿಮಾನದಿಂದ ದೇಶದ ಬಹುಪಾಲು ಭಾಗದ ಫೋಟೋ ತೆಗೆದಿದ್ರು, ನಮ್ಮ ಕಡೆಯದ್ದು ಬೇಕು ಅಂತ ಒಂದು ಕಡೆ ದುಡ್ಡು ಕೊಟ್ಟು ತರಿಸಿದೆ. ಮೊದಲ ಸ್ಕ್ಯಾನ್ ಮಸುಕು ಮಸುಕಾಗಿ ಬಂತು, ವಾಪಸ್ ಬರೆದು ಏಳು ವಾರ ಕಾಯ್ಬೇಕಾಯ್ತು, ಬೇಜಾರಾಗಿದ್ದು ಅದೊಂದೇ. ಎರಡನೇ ಸ್ಕ್ಯಾನಲ್ಲಿ ಹೊಲದ ಮಧ್ಯ, ಅದೇ ಗೆರೆ ಮೇಲೆ, ಅದೇ ಅಂತರದಲ್ಲಿ, ಒಂದು ಬಿಳಿ ಮಚ್ಚೆ. ಇಲ್ಲಿ ಮೇಲ್ಮಣ್ಣಿನ ಕೆಳಗೆಲ್ಲ ಬಿಳಿ ಚಾಕ್ ಕಲ್ಲೇ, ಹೊಂಡ ಮುಚ್ಚಿದ್ರೂ ಕಲಸಿದ ಬಿಳಿ ಮಣ್ಣು ಉಳುಮೆಗೆ ಮೇಲೆ ಬರುತ್ತೆ.

ಹುಡುಕೋಕೆ ಹೊರಡೋರಿಗೆ ಕೈ ಮುಗಿದು ಹೇಳ್ತೀನಿ, ಸ್ಕ್ರೀನಲ್ಲಿ ಸಿಕ್ತು ಅಂತ ಹೋಗಿ ಅಗೀಬೇಡಿ. ಸಿಡಿಯದ ಬಾಂಬು ಇವತ್ತಿಗೂ ಸಿಗುತ್ತೆ, ತುಕ್ಕು ಹಿಡಿದ ಲೋಹ ಕಂಡ್ರೆ ಮುಟ್ಟದೆ ದೂರ ಬಂದು ಇಲ್ಲಿನ ತುರ್ತು ನಂಬರ್ 999ಗೆ ಫೋನ್ ಮಾಡಿ. ಕಾಲುದಾರಿ ಬಿಟ್ಟು ಹೊಲಕ್ಕೆ ಇಳಿಯೋ ಮುಂಚೆ ರೈತರನ್ನ ಕೇಳಿ.

ರೇಟಿಂಗ್ ಅಂದ್ರೆ ಐದಕ್ಕೆ ಐದೇ ಕೊಡ್ತೀನಿ, ಹಳೇ ಮ್ಯಾಪು, ಲೈಡಾರು, ಫೋಟೋ ಮೂರೂ ಒಟ್ಟಿಗೆ ಇಟ್ಕೊಂಡು ನೋಡೋ ತಾಳ್ಮೆ ಇರೋರಿಗೆ. ಪ್ರಿಂಟ್ ತೆಗೆದು ಅಜ್ಜಿಗೆ ತೋರಿಸಿದೆ, ಭೂತಗನ್ನಡಿ ಹಿಡಿದು ತುಂಬಾ ಹೊತ್ತು ನೋಡಿದ್ರು, ಆಮೇಲೆ ಹೊಲದ ಮಚ್ಚೆ ಮೇಲೆ ಬೆರಳಿಟ್ಟು "ನಮ್ಮ ಅಡುಗೆಮನೆ ಕಿಟಕಿ ಒಡೆದಿದ್ದು ಇದೇ" ಅಂದ್ರು.