ಮ್ಯಾಂಡೊಲಿನ್ ಮೊದಲೋ, ಬ್ಯಾಂಜೊ ಮೊದಲೋ?

ಬದಿಯಡ್ಕದಲ್ಲೋ ಪೆರ್ಲದಲ್ಲೋ ಮನೆಯಲ್ಲೇ ಕೂತು, ಒಬ್ಬರೇ ಒಂದೊಂದೇ ವಾದ್ಯ ನುಡಿಸಿ ರೆಕಾರ್ಡ್ ಮಾಡಿ, ಬ್ಲೂಗ್ರಾಸ್ (ಅಮೆರಿಕದ ಹಳ್ಳಿಗಾಡಿನ ತಂತಿವಾದ್ಯ ಸಂಗೀತ) ಧಾಟಿಯ ಹಾಡು ಕಟ್ಟುವ ಆಸೆಯೇ? ಗಿಟಾರ್ ಹೇಗೂ ಇದೆ. ಮುಂದೇನು?

ನನ್ನ ಮತ ಮ್ಯಾಂಡೊಲಿನ್‌ಗೆ. ನಾಲ್ಕು ಜೋಡಿ, ಒಟ್ಟು 8 ತಂತಿ. ಶ್ರುತಿ ಫಿಡಲ್‌ನದ್ದೇ (ಪಾಶ್ಚಾತ್ಯ ಶ್ರುತಿಯ ಪಿಟೀಲು): ಜಿ, ಡಿ, ಎ, ಇ. ಹಾಗಾಗಿ ಮುಂದೆ ಫಿಡಲ್ ಹಿಡಿದರೆ ಎಡಗೈಗೆ ಜಾಗ ಗೊತ್ತಿರುತ್ತದೆ. (ಕರ್ನಾಟಕ ಸಂಗೀತದ ಪಿಟೀಲು ಕಲಿತವರು ಹುಷಾರು, ಆ ಶ್ರುತಿ ಬೇರೆ.) ದೊಡ್ಡ ಲಾಭ ಇನ್ನೊಂದಿದೆ. ತಂತಿ ಒತ್ತಿ, ಪಿಕ್‌ನಿಂದ (ತಂತಿ ಮೀಟುವ ಚಿಕ್ಕ ಬಿಲ್ಲೆ) ಬಾರಿಸಿದ ಕೂಡಲೇ ಬೆರಳು ಸಡಿಲಿಸಿ. ‘ಚಕ್’ ಅಂತ ಸದ್ದು ಬಂದು ಅಲ್ಲೇ ನಿಲ್ಲುತ್ತದೆ. ನಾಲ್ಕರ ತಾಳದಲ್ಲಿ 2 ಮತ್ತು 4ನೇ ಪೆಟ್ಟಿನ ಮೇಲೆ ಇದನ್ನು ಹಾಕಿದರೆ ಡ್ರಮ್ ಬೇಡವೇ ಬೇಡ. ಬ್ಲೂಗ್ರಾಸ್‌ನ ಪಿತಾಮಹ ಬಿಲ್ ಮನ್ರೋ ನುಡಿಸಿದ್ದೂ ಮ್ಯಾಂಡೊಲಿನ್ನೇ ಅಲ್ವಾ?

ಬ್ಯಾಂಜೊ ಇಲ್ಲದ ಬ್ಲೂಗ್ರಾಸ್ ಸಪ್ಪೆ, ಒಪ್ಪಿದೆ. ಬ್ಯಾಂಜೊ ವಾದಕ ಅರ್ಲ್ ಸ್ಕ್ರಗ್ಸ್ 1945ರಲ್ಲಿ ಮನ್ರೋ ತಂಡ ಸೇರಿದ ಮೇಲೆ ಮೂರು ಬೆರಳಿನ ಆ ಓಟವೇ ಈ ಸಂಗೀತದ ಗುರುತಾಯಿತು. ಆದರೆ ಬೆರಳಿಗೆ ಪಿಕ್ ಸಿಕ್ಕಿಸಿಕೊಂಡು ಆ ಓಟ ಸಮವಾಗಲು ತಿಂಗಳುಗಟ್ಟಲೆ ಬೇಕು. ಸುಮ್ನೆ ಆತುರಪಟ್ಟರೆ ರೆಕಾರ್ಡಿಂಗ್‌ನಲ್ಲಿ ಪ್ರತಿ ತಪ್ಪೂ ಕೇಳುತ್ತದೆ.

ಮಳೆಗಾಲದಲ್ಲಿ ಮಾತ್ರ ಬ್ಯಾಂಜೊ ಗೆಲ್ಲುತ್ತದೆ. ದನಿ ಜೋರು, ಮೈಕ್ ಗೇನ್ (ಮೈಕ್ ಸದ್ದು ಹಿಡಿಯುವ ಮಟ್ಟ) ತಗ್ಗಿಸಬಹುದು, ಮಾಡಿನ ಮೇಲಿನ ಮಳೆ ಸದ್ದು ಕಡಿಮೆ ಸಿಗುತ್ತದೆ. ತುಕ್ಕು ಹಿಡಿಯುವ ತಂತಿಯೂ 5 ಮಾತ್ರ.

ಕೊಳ್ಳುವಾಗ ‘5 ತಂತಿಯ ಬ್ಯಾಂಜೊ’ ಅಂತಲೇ ಕೇಳಿ. ಬರೀ ಬ್ಯಾಂಜೊ ಅಂದರೆ ಕೀಲಿ ಒತ್ತಿ ನುಡಿಸುವ ಬುಲ್‌ಬುಲ್ ತರಂಗ್ ತಂದಿಟ್ಟಾರು.