ಎಫ್‌ಟಿಪಿ ಕ್ಲೈಂಟ್: ಸಿನಾ, ಪೈಥಾನಾ?

ನೆಟ್ ಮೇಲೆ ಫೈಲ್ ಕಳಿಸುವ ಹಳೇ ಪದ್ಧತಿ ಎಫ್‌ಟಿಪಿ; ನಮ್ಮ ಕಡೆಯಿಂದ ಕಳಿಸುವ ಪ್ರೋಗ್ರಾಂ ಕ್ಲೈಂಟ್. ಅದನ್ನು ಬರೆಯಲು ಯಾವ ಭಾಷೆ? ನನ್ನ ಓಟು ಪೈಥಾನ್‌ಗೆ, ಮೊದಲೇ ಹೇಳಿಬಿಡುತ್ತೇನೆ. ಮಂಡ್ಯದಲ್ಲಿ ತಮ್ಮನ ಫೋಟೊ ಸ್ಟುಡಿಯೋ ಇದೆ. ಮದುವೆ ಆಲ್ಬಮ್‌ಗಳನ್ನು ಅವನು ಮೈಸೂರಿನ ಒಂದು ಪ್ರಿಂಟಿಂಗ್ ಲ್ಯಾಬ್‌ನ ಸರ್ವರ್‌ಗೆ ಕಳಿಸಬೇಕು. ಅದೇ ನೆಪದಲ್ಲಿ, ಲೈಬ್ರರಿ ಮುಟ್ಟದೆ ಬರೀ ಸಾಕೆಟ್ (ಪ್ರೋಗ್ರಾಂ ನೆಟ್‌ಗೆ ಸೇರುವ ತುದಿ) ಹಿಡಿದು, ಎರಡೂ ಭಾಷೆಯಲ್ಲಿ ಕ್ಲೈಂಟ್ ಬರೆದೆ.

ಸಿ ಜೋರಾಗಿ ಓಡುತ್ತದೆ, ನಿಜ. ಆದರೆ ಇಲ್ಲಿ ಕಾಯಿಸುವುದು ಸ್ಟುಡಿಯೋದ ಇಂಟರ್‌ನೆಟ್, ಭಾಷೆಯಲ್ಲ.

ಸರ್ವರ್ ಉತ್ತರ ಓದುವುದರಲ್ಲೇ ಪೈಥಾನ್ ಮುಂದೆ. ಕೆಳಗೆ ಡೇಟಾ ಸಾಗಿಸುವ ಟಿಸಿಪಿಗೆ ಸಾಲು ಗೀಲು ಗೊತ್ತಿಲ್ಲ, ಅರ್ಧ ಸಾಲು ಬಂದರೂ ಬಂತೇ. ಪ್ರತಿ ಉತ್ತರಕ್ಕೂ ಒಂದು ಕೋಡ್, ಸ್ವಾಗತದ್ದು 220. ‘220-’ ಅಂತ ಶುರುವಾದರೆ ಉತ್ತರ ಇನ್ನೂ ಇದೆ. 220 ಆದಮೇಲೆ ಖಾಲಿ ಜಾಗ ಇರುವ ಸಾಲೇ ಕೊನೆ. ಸಿಯಲ್ಲಿ ಇದಕ್ಕೆ ಬಂದದ್ದನ್ನು ಕೂಡಿಡುವ ಬಫರ್ ನಾನೇ ಕಟ್ಟಬೇಕು. ಪೈಥಾನ್‌ನಲ್ಲಿ ಸಾಕೆಟ್ಟನ್ನು ಫೈಲ್ ಥರ ಮಾಡುವ ಮೇಕ್‌ಫೈಲ್, ಒಂದೊಂದು ಸಾಲು ಓದುವ ರೀಡ್‌ಲೈನ್, ಮುಗೀತು.

ತಲೆ ತಿಂದಿದ್ದು ಪ್ಯಾಸಿವ್ ಮೋಡ್. ಎಫ್‌ಟಿಪಿಯಲ್ಲಿ ಆದೇಶಗಳು ಸರ್ವರ್‌ನ 21ನೇ ಪೋರ್ಟ್‌ನಲ್ಲಿ (ಪೋರ್ಟ್ ಅಂದರೆ ಬಾಗಿಲ ಸಂಖ್ಯೆ ಇದ್ದ ಹಾಗೆ) ಹೋಗುತ್ತವೆ, ಫೈಲ್‌ಗೆ ಬೇರೆಯೇ ಕನೆಕ್ಷನ್. ಆಕ್ಟಿವ್ ಮೋಡ್‌ನಲ್ಲಿ ಸರ್ವರ್ರೇ ನಮ್ಮ ಕಡೆಗೆ ಬರಬೇಕು, ಸ್ಟುಡಿಯೋ ರೌಟರ್ ಅದನ್ನು ಒಳಗೆ ಬಿಡಲ್ಲ. ಪ್ಯಾಸಿವ್ ಆದರೆ ನಾವೇ ಸರ್ವರ್ ಕಡೆಗೆ ಹೋಗುತ್ತೇವೆ. ಹಾಗಾಗಿ ಅದನ್ನು ಕೇಳುವ ಪಿಎಎಸ್‌ವಿ ಆದೇಶ ಕಳಿಸಿದೆ. ಬಂದ ಉತ್ತರ: 227, ಬ್ರಾಕೆಟ್‌ನಲ್ಲಿ 192,168,1,20,195,80. ಕೊನೆಯ ಎರಡರಿಂದ ಪೋರ್ಟ್ ಸಿಗುತ್ತದೆ: 195ನ್ನು 256ರಿಂದ ಗುಣಿಸಿ 80 ಕೂಡಿದರೆ 50000. ಲೆಕ್ಕ ಸರಿ. ಆದರೆ ಮೊದಲ ನಾಲ್ಕು ನೋಡಿ, ಅದು ಲ್ಯಾಬ್ ಒಳಗಿನ ಖಾಸಗಿ ವಿಳಾಸ! ತಮ್ಮನ ಕಂಪ್ಯೂಟರ್ ಅದನ್ನು ಸ್ಟುಡಿಯೋ ಒಳಗೇ ಹುಡುಕುತ್ತಾ ಕೂತಿತ್ತು. ಎರರ್ ಕೂಡ ಬೇಗ ಬರಲಿಲ್ಲ, ಸುಮ್ನೆ ನಿಂತಿತ್ತು.

ಮದ್ದು ಸರಳ. ಆ ವಿಳಾಸ ಬಿಟ್ಟು, ಮೊದಲು 21ನೇ ಪೋರ್ಟ್‌ಗಾಗಿ ಬಳಸಿದ ವಿಳಾಸಕ್ಕೇ ಹೊಸ ಪೋರ್ಟ್ ಹಾಕಬೇಕು. ಸರ್ವರ್ ಒಪ್ಪಿದರೆ ಪಿಎಎಸ್‌ವಿ ಬದಲು ಇಪಿಎಸ್‌ವಿ ಆದೇಶ ಇನ್ನೂ ಸಲೀಸು, ಅದರ 229 ಉತ್ತರದಲ್ಲಿ ಪೋರ್ಟ್ ಮಾತ್ರ ಬರುತ್ತದೆ. ಪೈಥಾನ್‌ನಲ್ಲಿ ಇದು ಒಂದೆರಡು ಸಾಲು, ಟೈಮ್‌ಔಟ್ (ಇಷ್ಟು ಹೊತ್ತು ಕಾದು ಕೈಬಿಡು ಅನ್ನುವ ಮಿತಿ) ಇನ್ನೊಂದು ಸಾಲು. ಸಿಯಲ್ಲಿ ಕನೆಕ್ಟ್‌ಗೆ ಟೈಮ್‌ಔಟ್ ಬೇಕಂದ್ರೆ ಸಾಕೆಟ್‌ನ್ನು ನಾನ್‌ಬ್ಲಾಕಿಂಗ್ ಮಾಡಿ, ಸೆಲೆಕ್ಟ್ ಹಚ್ಚಿ... ಬೇಡ ಬಿಡಿ.

ಫೈಲ್ ಇದ್ದ ಹಾಗೇ ಕಳಿಸಲು ಹೇಳುವ ಟೈಪ್ ಐ ಆದೇಶ ಮರೆಯಬೇಡಿ, ಇಲ್ಲದಿದ್ದರೆ ಫೋಟೊ ಕೆಡಬಹುದು. ಕಳಿಸಿ ಮುಗಿದಮೇಲೆ ಡೇಟಾ ಸಾಕೆಟ್ ಮುಚ್ಚಿ, ಆಗಲೇ ‘ಮುಗೀತು’ ಅನ್ನುವ 226 ಬರುವುದು. ಪಾಸ್‌ವರ್ಡ್ ಬಟಾಬಯಲಾಗಿ ಹೋಗುತ್ತದೆ, ಹಾಗಾಗಿ ಹೋಟೆಲ್ ವೈಫೈಯಲ್ಲಿ ಬೇಡ.

ತಮ್ಮನದು ವಿಂಡೋಸ್, ನನ್ನದು ಹಳೇ ಲಿನಕ್ಸ್ ಲ್ಯಾಪ್‌ಟಾಪ್. ಸಿ ಕೋಡ್‌ಗೆ ವಿಂಡೋಸ್‌ನಲ್ಲಿ ಅದರ ಸಾಕೆಟ್ ವ್ಯವಸ್ಥೆ ವಿನ್‌ಸಾಕ್ ಶುರು ಮಾಡುವ ಸಾಲು, ಮುಚ್ಚೋಕೆ ಬೇರೆ ಫಂಕ್ಷನ್, ಎಲ್ಲಾ ಸೇರಿಸಬೇಕು. ಪೈಥಾನ್ ಫೈಲ್ ಪೆನ್‌ಡ್ರೈವ್‌ನಲ್ಲಿ ಹೋಯ್ತು, ಹಾಗೇ ಓಡ್ತು. ಈಗ ಅಲ್ಲಿ ಅದೇ ಇದೆ.