ಮತ್ತೆ ಮತ್ತೆ ಸೋರಿದ ಪವರ್ ಸ್ಟೀರಿಂಗ್: ಬಳ್ಳಾರಿಯ ರಸ್ತೆಯಲ್ಲಿ ಹಳೆ ಡೀಸೆಲ್ ಕಾರಿನ ಅನುಭವ

ಕಾರು 2009ರ ಮಾಡೆಲ್. ಡೀಸೆಲ್ ಸೆಡಾನ್, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ಮೊದಲಿನಿಂದ ನನ್ನ ಕೈಯಲ್ಲೇ ಇದೆ. ಜಾಸ್ತಿ ಓಡಿರುವುದು ಬಳ್ಳಾರಿ, ತೋರಣಗಲ್ಲು, ಹೊಸಪೇಟೆ ದಾರಿಯಲ್ಲಿ, ನಡುನಡುವೆ ಸಂಡೂರಿನ ಕಡೆಗೆ. ಎಂಜಿನ್ ಗಟ್ಟಿಮುಟ್ಟು. ನಮ್ಮ ಏಪ್ರಿಲ್ ಬಿಸಿಲಿಗೂ ಎಸಿ ಕೈಕೊಟ್ಟಿಲ್ಲ. ಗೋಳು ಹೊಯ್ದುಕೊಂಡಿದ್ದು ಸ್ಟೀರಿಂಗ್ ಒಂದೇ. ಈಗ ಸರಿಹೋಗಿ ಎರಡು ಬೇಸಿಗೆ ಕಳೆದಿವೆ. ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ.

ಹಳೆ ಕಾರು ಇಟ್ಟುಕೊಂಡವರಿಗೆ ಮೊದಲೇ ಒಂದು ಮಾತು. ಪವರ್ ಸ್ಟೀರಿಂಗ್ ಆಯಿಲ್ ಖರ್ಚಾಗುವ ವಸ್ತುವಲ್ಲ. ಎಂಜಿನ್ನಿನ ಬೆಲ್ಟ್ ಪಂಪನ್ನು ತಿರುಗಿಸುತ್ತದೆ. ಪಂಪ್ ಒತ್ತಡದಲ್ಲಿ ಆಯಿಲನ್ನು, ಮುಂದಿನ ಚಕ್ರಗಳನ್ನು ಎಡಬಲಕ್ಕೆ ತಳ್ಳುವ ರ‍್ಯಾಕ್‌ಗೆ ನೂಕುತ್ತದೆ. ಆ ಒತ್ತಡ ಚಕ್ರ ತಿರುಗಿಸಲು ನೆರವಾಗುತ್ತದೆ, ಆಯಿಲ್ ಮತ್ತೆ ಡಬ್ಬಿಗೆ ವಾಪಸ್ ಬರುತ್ತದೆ. ಅದೇ ಆಯಿಲ್ ಸುತ್ತುತ್ತಲೇ ಇರಬೇಕು. ಡಬ್ಬಿಯಲ್ಲಿ ಮಟ್ಟ ಇಳಿದಿದೆ ಅಂದರೆ ಎಲ್ಲೋ ಸೋರಿದೆ ಅಂತಲೇ ಅರ್ಥ. ಸುರಿದು ತುಂಬಿಸಿದರೆ ರಿಪೇರಿ ಆಗಲ್ಲ, ದಿನ ಮುಂದೂಡಿದ ಹಾಗೆ ಅಷ್ಟೆ.

ನನ್ನ ಕಾರಿನಲ್ಲಿ ಶುರುವಾಗಿದ್ದು ಸದ್ದಿನಿಂದ. ಮೋತಿ ಸರ್ಕಲ್ ಹತ್ತಿರ ಟ್ರಾಫಿಕ್‌ನಲ್ಲಿ ಪೂರ್ತಿ ತಿರುಗಿಸಿದಾಗ 'ಗೊಂಯ್' ಅಂತ ನರಳುತ್ತಿತ್ತು. ಒಂದು ಗ್ಯಾರೇಜಿನವರು ಪಂಪ್ ಹೋಗಿದೆ ಅಂದರು, ಪಂಪ್ ಬದಲಾಯಿಸಿದರು. ಸದ್ದು ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಬಂತು. ಪಂಪ್‌ನ ತಪ್ಪೇ ಇರಲಿಲ್ಲ. ಆಯಿಲ್ ಕಡಿಮೆಯಾಗಿ ಪಂಪ್ ಗಾಳಿ ಎಳೆಯುತ್ತಿತ್ತು. ಪಂಪ್ ಹಾಕಿದವರು ಹೊಸ ಆಯಿಲ್ ತುಂಬಿದ್ದರಲ್ಲ, ಅದಕ್ಕೇ ಅಷ್ಟು ದಿನ ಸುಮ್ಮನಿತ್ತು. ಡಬ್ಬಿಯ ಮುಚ್ಚಳ ತೆಗೆದಾಗ ಆಯಿಲ್ ಕಡೆದ ಮಜ್ಜಿಗೆಯ ಹಾಗೆ ನೊರೆ ನೊರೆಯಾಗಿದ್ದರೆ ಗಾಳಿ ಸೇರಿದೆ ಅಂತ ತಿಳಿಯಿರಿ. ಪಂಪ್ ಬಿಚ್ಚುವ ಮೊದಲು ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಹುಡುಕಿಸಿ. ಡಬ್ಬಿಯಿಂದ ಪಂಪ್‌ಗೆ ಬರುವ ಪೈಪಿನ ಕ್ಲ್ಯಾಂಪ್ ಸಡಿಲವಿದ್ದರೂ ಗಾಳಿ ಎಳೆಯುತ್ತದೆ.

ನಮ್ಮಲ್ಲಿ ಸೋರಿಕೆ ಹುಡುಕುವುದೇ ಕಷ್ಟವಾಗಿತ್ತು. ಯಾಕಂದರೆ ನೆಲದ ಮೇಲೆ ಒಂದು ಹನಿಯೂ ಬೀಳುತ್ತಿರಲಿಲ್ಲ. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿದರೂ ಬೆಳಿಗ್ಗೆ ಕಲೆ ಇಲ್ಲ. ಆದರೂ ಡಬ್ಬಿಯಲ್ಲಿ ಮಟ್ಟ ಇಳಿಯುತ್ತಿತ್ತು. ಗುಟ್ಟು ಇದ್ದಿದ್ದು ರಬ್ಬರ್ ಬೂಟ್‌ನಲ್ಲಿ. ರ‍್ಯಾಕ್‌ನ ಎರಡೂ ತುದಿಗೆ ಮಡಿಕೆ ಮಡಿಕೆಯಾದ ಬೂಟ್ ಇರುತ್ತದೆ. ಒಳಗಿನ ಸೀಲ್ ಬಿಟ್ಟರೆ ಆಯಿಲ್ ಮೊದಲು ಅದರೊಳಗೇ ತುಂಬಿಕೊಳ್ಳುತ್ತದೆ. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಬೂಟನ್ನು ಬೆರಳಲ್ಲಿ ಒತ್ತಿ ನೋಡಿ. ಒಳಗೆ ಪಚಪಚ ಅಂದರೆ ರ‍್ಯಾಕ್ ಸೀಲ್ ಹೋಗಿದೆ. ಹಳೆ ಕಾರು ಇರುವವರಿಗೆಲ್ಲ ಈ ಪರೀಕ್ಷೆ ಹೇಳಿಕೊಡುತ್ತಿರುತ್ತೇನೆ.

ಸೀಲ್ ಕಿಟ್ ಹಾಕಿಸಿದೆ, ಹೊಸ ಬೂಟ್ ಕೂಡ. ಕೆಲವು ತಿಂಗಳು ಚೆನ್ನಾಗಿತ್ತು, ಮತ್ತೆ ಸೋರಿತು. ಇನ್ನೊಂದು ಕಡೆ ಮತ್ತೆ ಸೀಲ್ ಕಿಟ್, ಮತ್ತೆ ಅದೇ ಕಥೆ. ಕೊನೆಗೆ ಕೌಲ್ ಬಜಾರಿನ ಹಿರಿಯ ಮೆಕ್ಯಾನಿಕ್ ಒಬ್ಬರು ನೋಡಿದರು. ಗಾಡಿ ಎತ್ತಿ ನಿಲ್ಲಿಸಿ, ಬೂಟ್ ಹಿಂದಕ್ಕೆ ಸರಿಸಿದರು. ಒಳಗೆ ಕೆಂಪು ಧೂಳು ಆಯಿಲ್ ಜೊತೆ ಕಲೆತು ಗಟ್ಟಿ ಕೆಸರಾಗಿತ್ತು. ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿದ ಮೇಲೆ, ಸೀಲ್ ಒಳಗೆ ಓಡಾಡುವ ರಾಡ್ ಹೊಳೆಯಿತು. ಆ ಹೊಳಪಿನ ಮೇಲೆ ಉದ್ದಕ್ಕೆ ಸಣ್ಣ ಸಣ್ಣ ಗೀರು.

'ಉಗುರು ಇಟ್ಟು ಎಳೀರಿ ಸಾರ್,' ಅಂದರು. ಎಳೆದೆ, ಉಗುರು ತಡೆಯಿತು. 'ಈ ಗೀರು ಇರೋತನಕ ಯಾವ ಸೀಲ್ ಹಾಕಿದ್ರೂ ನಿಲ್ಲಲ್ರಿ. ರಾಡೇ ಸೀಲನ್ನ ತಿಂದ್ಹಾಕ್ತದೆ.'

ಅಷ್ಟು ವರ್ಷದ ಕಾಟಕ್ಕೆ ಕಾರಣ ಅದೇ ಆಗಿತ್ತು. ಎಂದೋ ಹಳೆ ಬೂಟ್ ಹರಿದಿದೆ, ಧೂಳು ಒಳಗೆ ಹೋಗಿದೆ, ರಾಡ್ ಗೀರಾಗಿದೆ. ಆಮೇಲೆ ಹಾಕಿದ ಹೊಸ ಬೂಟಿಗೂ ಸರಿಯಾದ ಕ್ಲ್ಯಾಂಪ್ ಇರಲಿಲ್ಲ. ಪ್ಲಾಸ್ಟಿಕ್ ಟ್ಯಾಗ್ ಬಿಗಿದು ಬಿಟ್ಟಿದ್ದರು. ಬಿಸಿಗೆ ಅದು ಸಡಿಲವಾಗಿ ಧೂಳಿಗೆ ದಾರಿಯಾಗಿತ್ತು.

ನಮ್ಮ ಕಡೆಯ ಧೂಳು ಬೇರೆ ಊರಿನ ಧೂಳಿನ ಹಾಗಲ್ಲ. ಅದಿರಿನ ಧೂಳಿನಲ್ಲಿರುವುದು ಹೆಚ್ಚಾಗಿ ಕಬ್ಬಿಣದ ಆಕ್ಸೈಡ್. ಚಿನ್ನದ ಒಡವೆಗೆ ಹೊಳಪು ಕೊಡಲು ಉಜ್ಜುವ ಕೆಂಪು ಪುಡಿಯೂ ಅದೇ. ಲೋಹವನ್ನೇ ಸವೆಸುವ ಪುಡಿ ಅದು. ಅದು ಸೀಲ್ ಮತ್ತು ರಾಡ್ ನಡುವೆ ಸಿಕ್ಕಿದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸುವ ಮೊದಲು ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಅದಿರು ಲಾರಿಗಳ ಹಿಂದೆ ಹೋದವರಿಗೆ ಆ ಧೂಳು ಚೆನ್ನಾಗಿ ಗೊತ್ತು. ನನ್ನ ಕಾರಿನ ಮೊದಲ ವರ್ಷಗಳು ಕಳೆದಿದ್ದು ಅಲ್ಲೇ. ಈಗ ಅಷ್ಟಿಲ್ಲ, ಆದರೂ ಇದೆ.

ರ‍್ಯಾಕನ್ನೇ ಬದಲಾಯಿಸಿದೆ. ಹೊಸದರ ಬೆಲೆ ಹಳೆ ಕಾರಿಗೆ ಹೊರೆ ಅನ್ನಿಸಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ರೀಕಂಡಿಷನ್ ಮಾಡಿದ್ದು ಸಿಕ್ಕಿತು, ನಮ್ಮದನ್ನು ವಾಪಸ್ ಕೊಡಬೇಕು. ಹೊಸದರ ಅರ್ಧಕ್ಕಿಂತ ಕಡಿಮೆ ದುಡ್ಡಿನಲ್ಲಿ ಮುಗಿಯಿತು. ಹಿಂದೆ ಸೀಲ್ ಕಿಟ್, ಪಂಪ್, ಕೂಲಿ ಅಂತ ಕೊಟ್ಟಿದ್ದು ಇದಕ್ಕಿಂತ ಜಾಸ್ತಿ. ತರಿಸುವಾಗ ಒಂದೇ ಮಾತು ಕೇಳಿ: ರಾಡ್ ಗ್ರೈಂಡ್ ಮಾಡಿ ಕ್ರೋಮ್ ಹಾಕಿದ್ದಾರಾ, ಅಥವಾ ಬರೀ ಸೀಲ್ ಬದಲಾಯಿಸಿ ಬಣ್ಣ ಬಳಿದಿದ್ದಾರಾ? ಉತ್ತರ ತಡವರಿಸಿದರೆ ಕೊಳ್ಳಬೇಡಿ.

ಹಾಕುವಾಗ ಮುಂದೆ ನಿಂತು ಮಾಡಿಸಿದೆ. ಹಳೆ ಆಯಿಲ್ ಪೂರ್ತಿ ಹೊರಗೆ ಬರಬೇಕು, ಇಲ್ಲದಿದ್ದರೆ ಅದರಲ್ಲಿರುವ ಕಸ ಹೊಸ ಸೀಲನ್ನೂ ಕೆಡಿಸುತ್ತದೆ. ವಾಪಸ್ ಬರುವ ಪೈಪ್ ಬಿಚ್ಚಿ ಬಾಟಲಿಗೆ ಇಳಿಸಿದರು. ಆಮೇಲೆ ಮುಂದಿನ ಚಕ್ರ ಎತ್ತಿ, ಎಂಜಿನ್ ಆರಿಸಿಯೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸುತ್ತಾ ಗಾಳಿ ಬಿಟ್ಟರು. ಗುಳ್ಳೆ ನಿಂತ ಮೇಲೆಯೇ ಎಂಜಿನ್ ಶುರು. ನಂತರ ವೀಲ್ ಅಲೈನ್‌ಮೆಂಟ್. ಆಯಿಲ್ ಯಾವುದು ಅಂತ ಕಾರಿನ ಪುಸ್ತಕ ನೋಡಿಯೇ ಹಾಕಿಸಿ. ಎಷ್ಟೋ ಹಳೆ ಕಾರುಗಳಿಗೆ ಕೆಂಪು ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್), ಕೆಲವಕ್ಕೆ ಹಸಿರು ಆಯಿಲ್ ಬೇಕು. ಬೆರೆಸಬಾರದು. ಸೋರಿಕೆ ನಿಲ್ಲಿಸುತ್ತೇವೆ ಅಂತ ಮಾರುವ ಬಾಟಲಿ ಔಷಧ ಸೀಲನ್ನು ಊದಿಸುತ್ತದೆ ಅಷ್ಟೆ. ಗೀರಾದ ರಾಡ್‌ಗೆ ಅದರಿಂದ ಏನೂ ಪ್ರಯೋಜನ ಇಲ್ಲ.

ಎಲ್ಲ ತೊಂದರೆಯೂ ಆಯಿಲ್‌ದಲ್ಲ ಅನ್ನುವುದೂ ನೆನಪಿರಲಿ. ಸ್ಟೀರಿಂಗ್ ಭಾರ ಅನ್ನಿಸಿದರೆ ಮೊದಲು ಟೈರಿನ ಗಾಳಿ ನೋಡಿ. ಮಳೆ ಬಿದ್ದ ದಿನ ಕೀರಲು ಸದ್ದು ಬಂದರೆ ಬೆಲ್ಟ್ ನೋಡಿ. ಗುಂಡಿಯಲ್ಲಿ 'ಟಕ್' ಅಂದರೆ ಟೈರಾಡ್ ಎಂಡ್, ಅಂದರೆ ಸ್ಟೀರಿಂಗನ್ನು ಚಕ್ರಕ್ಕೆ ಸೇರಿಸುವ ಕೀಲು ಇರಬಹುದು. ಈಚಿನ ಎಲೆಕ್ಟ್ರಿಕ್ ಸ್ಟೀರಿಂಗ್ ಕಾರುಗಳಲ್ಲಿ ಆಯಿಲೇ ಇಲ್ಲ. ಅಲ್ಲಿ ಬ್ಯಾಟರಿ, ಫ್ಯೂಸ್, ಅರ್ತ್ ವೈರ್‌ನಿಂದ ಶುರು ಮಾಡಬೇಕು.

ಓಡುವಾಗ ಪವರ್ ಹೋದರೆ ಗಾಬರಿ ಬೇಡ. ಚಕ್ರಕ್ಕೂ ಸ್ಟೀರಿಂಗಿಗೂ ನೇರ ಜೋಡಣೆ ಇದ್ದೇ ಇರುತ್ತದೆ. ಕೈಗೆ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಎಂಜಿನ್ ಆರಿಸಬೇಡಿ, ಬ್ರೇಕಿನ ನೆರವೂ ಹೋಗುತ್ತದೆ. ನಿಧಾನವಾಗಿ ಪಕ್ಕಕ್ಕೆ ತನ್ನಿ. ಸುಟ್ಟ ಆಯಿಲ್ ವಾಸನೆ ಬಂದರೆ ಮಾತ್ರ ತಡಮಾಡದೆ ನಿಲ್ಲಿಸಿ, ಎಂಜಿನ್ ಆರಿಸಿ ಇಳಿಯಿರಿ. ಬಿಸಿ ಸೈಲೆನ್ಸರ್ ಪೈಪಿನ ಮೇಲೆ ಆಯಿಲ್ ಬಿದ್ದರೆ ಬೆಂಕಿ ಹತ್ತಬಹುದು.

ಈಗ ಸ್ಟೀರಿಂಗ್ ಹಗುರ. ಸಂಡೂರಿನ ತಿರುವುಗಳಲ್ಲಿ ರಸ್ತೆಯ ಹಿಡಿತ ಕೈಗೆ ಗೊತ್ತಾಗುತ್ತದೆ. ಆ ಹಿಡಿತಕ್ಕಾಗಿಯೇ ಈ ಕಾರನ್ನು ಇನ್ನೂ ಇಟ್ಟುಕೊಂಡಿದ್ದೇನೆ. ಪೂರ್ತಿ ತಿರುಗಿಸಿ ಹಿಡಿದು ನಿಲ್ಲುವುದಿಲ್ಲ, ಪಂಪಿಗೆ ಒತ್ತಡ. ಪ್ರತಿ ಸರ್ವಿಸ್‌ಗೂ ಎರಡೂ ಬೂಟ್ ನೋಡಿಸುತ್ತೇನೆ. ಈ ಭಾಗದಲ್ಲಿ ಹಳೆ ಕಾರು ಕೊಳ್ಳಲು ಹೊರಟವರು ಬಣ್ಣ, ಸೀಟ್ ಕವರ್ ಆಮೇಲೆ ನೋಡಿದರೂ ಪರವಾಗಿಲ್ಲ. ಮೊದಲು ಗಾಡಿ ಎತ್ತಿಸಿ, ಆ ಎರಡು ಬೂಟ್‌ಗಳನ್ನು ಒತ್ತಿ ನೋಡಿ.